ಗೆದ್ದವರು ಯಾವ ಕಡೆಯವರು?



ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ಎರಡೂ ಕಡೆಯಿಂದ ಬರುವ ಪ್ರಶ್ನೆ ಒಂದೇ. "ನೀವು ಯಾವ ಕಡೆಯವರು?" ಸಾಂಗಲಿಗೆ ಹೋದರೆ ನಾವು ಕಾನಡಿ ಮಂದಿ, ವಿಜಯಪುರಕ್ಕೆ ಹೋದರೆ ಮಹಾರಾಷ್ಟ್ರದವರು! 2022ರ ನವೆಂಬರದಲ್ಲಿ ನಮ್ಮ ತಾಲೂಕಿನ 40 ಹಳ್ಳಿಗಳ ವಿಷಯ ಎರಡೂ ರಾಜ್ಯಗಳ ಟಿ.ವಿ.ಯಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲ ತಣ್ಣಗಾಯಿತು, ಪ್ರಶ್ನೆ ಮಾತ್ರ ಮಕ್ಕಳ ತಲೆಯಲ್ಲಿ ಉಳಿಯಿತು. ಇದಕ್ಕೆ ಉತ್ತರವನ್ನು ರಾಜಕಾರಣದಲ್ಲಿ ಹುಡುಕುವುದಕ್ಕಿಂತ ಆಟದ ಮೈದಾನದಲ್ಲಿ ಹುಡುಕುವುದು ಲೇಸು ಎಂದು ನಮಗನ್ನಿಸುತ್ತದೆ.

ಮೊದಲು ನಮ್ಮ ಹತ್ತಿರದವರನ್ನೇ ನೋಡೋಣ. ಚಿಕ್ಕೋಡಿ ತಾಲೂಕಿನ ಯಕ್ಸಂಬಾ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಊರು. ಅಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕುಸ್ತಿಯ ಹುಚ್ಚು ಹಿಡಿಸಿಕೊಂಡು ಕೊಲ್ಹಾಪುರದ ತಾಲೀಮು ಸೇರಿದರು. 1959ರಲ್ಲಿ ದೆಹಲಿಯಲ್ಲಿ ಪಂಜಾಬದ ಬಂತಾ ಸಿಂಗರನ್ನು ಸೋಲಿಸಿ ದೇಶದ ಮೊದಲ 'ಹಿಂದ್ ಕೇಸರಿ' ಆದರು. ಆಗ ಅವರ ಹುಟ್ಟೂರು ಮೈಸೂರು ರಾಜ್ಯದಲ್ಲಿತ್ತು, ತಾಲೀಮು ಮುಂಬಯಿ ರಾಜ್ಯದಲ್ಲಿತ್ತು, ಮಹಾರಾಷ್ಟ್ರ ರಾಜ್ಯ ಇನ್ನೂ ಹುಟ್ಟಿರಲೇ ಇಲ್ಲ. ಮುಂದೆ ಕೊಲ್ಹಾಪುರದಲ್ಲೇ ಬಾಳಿ, 2020ರ ಡಿಸೆಂಬರದಲ್ಲಿ ಅಲ್ಲೇ ತೀರಿಕೊಂಡರು. ಅವರನ್ನು ಯಕ್ಸಂಬಾದವರೂ ನಮ್ಮವರು ಅನ್ನುತ್ತಾರೆ, ಕೊಲ್ಹಾಪುರದವರೂ ನಮ್ಮವರು ಅನ್ನುತ್ತಾರೆ. ಎರಡೂ ಸುಳ್ಳಲ್ಲ.

ಇದು ಹೇಗೆ ಸಾಧ್ಯವಾಯಿತು? ಕೊಲ್ಹಾಪುರದ ತಾಲೀಮಿನ ಬಾಗಿಲು ತೆರೆದಿತ್ತು, ಅಷ್ಟೇ. ಶಾಹು ಮಹಾರಾಜರು ದೂರದ ಪಂಜಾಬದ ಪೈಲವಾನರಿಗೂ ಆಶ್ರಯ ಕೊಟ್ಟವರು. ಅವರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಎಷ್ಟೋ ಊರಿನ, ಎಷ್ಟೋ ಭಾಷೆಯ ಜಟ್ಟಿಗಳು ಕುಸ್ತಿ ಹಿಡಿದಿದ್ದಾರೆ.

ಇನ್ನು ದೂರದ ಒಂದು ಉದಾಹರಣೆ. ಚೀನಾದ ಲುವಾನ್ ಜೂಜಿಯೆ ಎಂಬ ಹೆಣ್ಣುಮಗಳು 1958ರಲ್ಲಿ ನಾನ್‌ಜಿಂಗ್ ನಗರದಲ್ಲಿ ಹುಟ್ಟಿದವರು. ಕತ್ತಿವರಸೆಯಲ್ಲಿ 'ಫಾಯಿಲ್' ಎಂಬ ಹಗುರಾದ ಕತ್ತಿ ಅವರದು. ಇದರ ತೂಕ ಅರ್ಧ ಕಿಲೋ ಮೀರುವಂತಿಲ್ಲ. ಕತ್ತಿಯ ತುದಿ ಎದುರಾಳಿಯ ಮುಂಡದ ಭಾಗಕ್ಕೆ ತಾಗಿದರೆ ಮಾತ್ರ ಅಂಕ, ಕೈಗೆ ಕಾಲಿಗೆ ತಾಗಿದರೆ ಇಲ್ಲ. 1978ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ವಿಶ್ವ ಯುವ ಸ್ಪರ್ಧೆಯಲ್ಲಿ ಎದುರಾಳಿಯ ಕತ್ತಿ ಮುರಿದು ಇವರ ತೋಳಿಗೇ ಚುಚ್ಚಿಕೊಂಡಿತು. ಆದರೂ ಹುಡುಗಿ ಆಟ ಬಿಡಲಿಲ್ಲ, ಬೆಳ್ಳಿ ಪದಕ ಗೆದ್ದಳು! 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಯುರೋಪಿನವರದ್ದೇ ಎಂಬಂತಿದ್ದ ಈ ಆಟದಲ್ಲಿ ಒಲಿಂಪಿಕ್ ಚಿನ್ನ ತಂದ ಏಷ್ಯಾದ ಮೊದಲ ಆಟಗಾರ್ತಿಯಾದರು. ಕತ್ತಿವರಸೆಯಲ್ಲಿ ಚೀನಾಕ್ಕೆ ಮತ್ತೊಂದು ಒಲಿಂಪಿಕ್ ಚಿನ್ನ ಬರಲು 2008ರವರೆಗೆ, ಅಂದರೆ 24 ವರ್ಷ ಕಾಯಬೇಕಾಯಿತು.

ನಮಗೆ ಮುಖ್ಯವಾದದ್ದು ಮುಂದಿನ ಕಥೆ. ಅವರು ಕೆನಡಾ ದೇಶಕ್ಕೆ ಹೋಗಿ ಎಡ್ಮಂಟನ್ ನಗರದಲ್ಲಿ ನೆಲೆಸಿದರು, ಮಕ್ಕಳಿಗೆ ಕತ್ತಿವರಸೆ ಕಲಿಸಿದರು, ಅಲ್ಲಿಯ ನಾಗರಿಕರಾದರು. 2008ರಲ್ಲಿ ಬೀಜಿಂಗ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಅವರಿಗೆ 50 ವರ್ಷ. ಆ ವಯಸ್ಸಿನಲ್ಲಿ ಕೆನಡಾದ ಪರವಾಗಿ ಆಡಲು ಬಂದರು. ಒಂದು ಪಂದ್ಯ ಗೆದ್ದು ಮುಂದಿನದರಲ್ಲಿ ಸೋತರು. ಆಗ ಅವರು ಎತ್ತಿ ಹಿಡಿದ ಕೆಂಪು ಬಟ್ಟೆಯ ಮೇಲೆ ಚೀನೀ ಅಕ್ಷರದಲ್ಲಿ ತಾಯ್ನಾಡಿಗೆ ನಮಸ್ಕಾರ ಎಂಬರ್ಥದ ಮಾತಿತ್ತು. ಮೈಮೇಲೆ ಕೆನಡಾದ ಸಮವಸ್ತ್ರ, ಕೈಯಲ್ಲಿ ಚೀನಾಕ್ಕೆ ನಮಸ್ಕಾರ!

ಬಂಧುಗಳೇ, ಕನ್ನಡ ಶಾಲೆಯಲ್ಲಿ ಓದಿ ಮಹಾರಾಷ್ಟ್ರದ ಪರವಾಗಿ ಆಡುವುದು ಇದಕ್ಕಿಂತ ಕಷ್ಟವೇನು? ಮಕ್ಕಳು ಕನ್ನಡದಲ್ಲಿ ಕಲಿಯಲಿ, ಸಾಂಗಲಿ ಜಿಲ್ಲೆಯ ಪರವಾಗಿ ಆಡಲಿ, ಗೆದ್ದಾಗ ತಮ್ಮ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಸಂತೋಷ ಹೇಳಿಕೊಳ್ಳಲಿ. ಯಾವ ಕಡೆಯವರು ಎಂದು ಕೇಳಿದರೆ ಎರಡೂ ಕಡೆಯವರು ಎಂದು ತಲೆ ಎತ್ತಿ ಹೇಳಲಿ.

ಆದರೆ ಪಾಲಕರಲ್ಲಿ ಒಂದು ಭಯ ಇದೆ. ಕನ್ನಡ ಶಾಲೆಗೆ ಹಾಕಿದರೆ ಮುಂದೆ ಸವಲತ್ತು ಸಿಗುವುದಿಲ್ಲ ಎಂದು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಒಯ್ಯುತ್ತಾರೆ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಹೀಗೆಯೇ ನಮ್ಮ ಶಾಲೆಗಳು ಬಡವಾಗುತ್ತಿವೆ. ಕ್ರೀಡೆಯ ಮಟ್ಟಿಗಾದರೂ ಈ ಭಯಕ್ಕೆ ಆಧಾರವಿಲ್ಲ. ಶಾಲಾ ಕ್ರೀಡಾ ಸ್ಪರ್ಧೆಗಳು ತಾಲೂಕಿನಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತವೆ. ಅಲ್ಲಿ ಮಾಧ್ಯಮ ಕೇಳುವುದಿಲ್ಲ. ಅರ್ಹ ಕ್ರೀಡಾಪಟುಗಳಿಗೆ ಮಹಾರಾಷ್ಟ್ರ ಸರಕಾರಿ ನೌಕರಿಯಲ್ಲಿ ಇರುವ ಶೇ. 5 ಮೀಸಲಾತಿಯಲ್ಲೂ ಮಾಧ್ಯಮದ ಮಾತಿಲ್ಲ. ಸುತ್ತೋಲೆ ಮರಾಠಿಯಲ್ಲಿ ಬರುತ್ತದೆ, ಅದನ್ನು ಓದಿ ಕನ್ನಡದಲ್ಲಿ ಪಾಲಕರಿಗೆ ತಿಳಿಸಬೇಕಾದವರು ಶಿಕ್ಷಕರಾದ ನಾವು. ಮಕ್ಕಳು ಮರಾಠಿಯನ್ನೂ ಚೆನ್ನಾಗಿ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಕನ್ನಡವನ್ನು ಬಿಡಬೇಕಿಲ್ಲ.

"ಮಾಸ್ತರ, ಕಬ್ಬು ಕಡಿಯಾಕ ಹೋಗೋ ಮಂದಿ ಮಕ್ಕಳಿಗೆ ಎಲ್ಲಿಯ ಒಲಿಂಪಿಕ್ಸು?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೀಪಾವಳಿ ಮುಗಿಯುತ್ತಲೇ ತಂದೆತಾಯಿಯ ಸಂಗಡ ಗಾಡಿ ಹತ್ತುವ ಮಗುವಿಗೆ ಮೊದಲು ಬೇಕಾದದ್ದು ಊರಲ್ಲಿ ಉಳಿಯುವ ವ್ಯವಸ್ಥೆ, ಹೊಟ್ಟೆಗೆ ಅನ್ನ. ಪದಕದ ಮಾತು ಆಮೇಲಿನದು. ಆದರೆ ಬಡತನ ಎಂದು ಕೈಚೆಲ್ಲಿ ಕೂಡುವುದೂ ಸರಿಯಲ್ಲ. ಚೆನ್ನೈನ ಭವಾನಿ ದೇವಿ ಶಾಲೆಯಲ್ಲಿ ಕತ್ತಿವರಸೆ ಕಲಿಯುವಾಗ ಕತ್ತಿಗಳು ದುಬಾರಿ ಎಂದು ಬಿದಿರಿನ ಕೋಲಿನಿಂದ ಅಭ್ಯಾಸ ಮಾಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಆಡಿದ ಮೊದಲ ಭಾರತೀಯರಾದರು. 2023ರಲ್ಲಿ ಚೀನಾದಲ್ಲೇ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು.

ಶಿಕ್ಷಕರಾದ ನಾವು ನೆನಪಿಡಬೇಕಾದ ಇನ್ನೊಂದು ಹೆಸರಿದೆ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚು ತಂದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ವಿಜೇತರಾದರು. ಅವರ ಪ್ರಯಾಣಕ್ಕೆ ಹಣ ಸಾಲದಾದಾಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟರು. ನಾವು ಯಾರೂ ಮನೆ ಒತ್ತೆ ಇಡಬೇಕಿಲ್ಲ. ವೇಳಾಪತ್ರಿಕೆಯಲ್ಲಿರುವ ಆಟದ ತಾಸನ್ನು ಗಣಿತಕ್ಕೆ, ಮಾಹಿತಿ ತುಂಬುವ ಕೆಲಸಕ್ಕೆ ಕೊಡದೆ ಆಟಕ್ಕೇ ಕೊಟ್ಟರೆ ಸಾಕು!

ಸನಮಡಿಯಂಥ ಬರದ ಊರುಗಳಲ್ಲಿ ನಾವು ಮಾಡಬಹುದಾದದ್ದು ಇಷ್ಟು. ತಾಲೂಕು ಸ್ಪರ್ಧೆಯ ಅರ್ಜಿ ಅವಧಿಯೊಳಗೆ ತುಂಬೋಣ. ಜಾತ್ರೆಯ ಕುಸ್ತಿಗೆ ದೇಣಿಗೆ ಕೊಡುವ ಊರಿನ ಹಿರಿಯರಿಂದ ಶಾಲೆಗೂ ಒಂದು ಚಾಪೆ, ನಾಲ್ಕು ಚೆಂಡು ಕೇಳೋಣ. ಅಭ್ಯಾಸದ ಸಮಯದಲ್ಲಿ ಊರಿನವರೊಬ್ಬರು ಮೈದಾನದಲ್ಲಿ ನಿಂತರೆ ಹೆಣ್ಣುಮಕ್ಕಳನ್ನು ಕಳಿಸಲು ತಾಯಂದಿರಿಗೂ ಧೈರ್ಯ ಬರುತ್ತದೆ. ಅದರ ವ್ಯವಸ್ಥೆಯನ್ನು ಶಾಲಾ ವ್ಯವಸ್ಥಾಪನ ಸಮಿತಿ ಮಾಡಲಿ. ಏಳನೆಯ ತರಗತಿ ಮುಗಿದ ಮೇಲೆ ಆಟ ಬಿಡಿಸಿ ಮನೆಯಲ್ಲಿ ಕೂಡಿಸಬೇಡಿ, ಅಕ್ಕಂದಿರೇ. ಲುವಾನ್ 50ರಲ್ಲಿ ಕತ್ತಿ ಹಿಡಿದರು, ನಮ್ಮ ಹುಡುಗಿಯರು 13ಕ್ಕೇ ಯಾಕೆ ಆಟ ಬಿಡಬೇಕು?

ಗಡಿಯ ತೀರ್ಮಾನ ಆದಾಗ ಆಗಲಿ. ಅದರ ದಾರಿ ಕಾಯುತ್ತ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ನಿಮ್ಮ ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳು ತಾಲೂಕು ಮೈದಾನ ಕಂಡರು? ದಯವಿಟ್ಟು ತಿಳಿಸಿರಿ.