ವಿಜ್ಞಾನ ಪರಿಚಯ: ಹನಿಯೊಳಗಣ ಲೋಹ

ಕಾದ ಹೆಂಚಿನ ಮೇಲೆ ಉಪ್ಪುನೀರಿನ ಹನಿಯೊಂದು ಬಿದ್ದರೆ ನೀರು ಚುರ್ರೆಂದು ಆವಿಯಾಗಿ ಹೋಗುತ್ತದೆ. ಬಿಳಿಯ ಉಪ್ಪಿನ ಕಲೆ ಮಾತ್ರ ಉಳಿಯುತ್ತದೆ. ಯಾವ ಗೃಹಿಣಿಗೂ ಇದು ಹೊಸ ಸಂಗತಿಯಲ್ಲ. ಇದೇ ಸರಳ ಕ್ರಿಯೆಯನ್ನು ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳ ಮೇಲೆ ನಡೆಸಿ, ಲೋಹ ಮತ್ತು ಲೋಹದ ಆಕ್ಸೈಡುಗಳ ಅತಿ ಕಿರಿಯ ಕಣಗಳನ್ನು ಪಡೆಯುವ ವಿಧಾನವೊಂದುಂಟು. ಅದಕ್ಕೆ ಸ್ಪ್ರೇ ಪೈರಾಲಿಸಿಸ್, ಅಂದರೆ ಸಿಂಚನ ಉಷ್ಣವಿಘಟನೆ ಎಂದು ಹೆಸರು.

ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ಕಿರಿದಾದ ಕಣವನ್ನು ನ್ಯಾನೋಕಣವೆನ್ನುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಒಂದು ನ್ಯಾನೋಮೀಟರ್. ಅರೆದು ಇಷ್ಟು ನುಣುಪಾಗಿಸುವುದು ಕಷ್ಟ. ಅರೆಯುವ ಯಂತ್ರದ ಸವೆತವೂ ಪುಡಿಯೊಡನೆ ಬೆರೆಯುತ್ತದೆ. ಆದುದರಿಂದಲೇ ಹನಿಯ ಮಾರ್ಗವನ್ನು ಹಿಡಿಯಬೇಕಾಯಿತು.

ಸತುವಿನ ಆಕ್ಸೈಡ್ ಬೇಕೆಂದು ಭಾವಿಸೋಣ. ಮೊದಲು ಸತುವಿನ ನೈಟ್ರೇಟ್ ಲವಣವನ್ನು ನೀರಿನಲ್ಲಿ ಕರಗಿಸುತ್ತಾರೆ. ಉಬ್ಬಸದ ರೋಗಿಗಳಿಗೆ ಔಷಧಿಯನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಯಂತ್ರವನ್ನು ಬಹುಮಂದಿ ಕಂಡಿರಬಹುದು. ಅಂತಹುದೇ ಸಾಧನದಿಂದ ದ್ರಾವಣವು ಮಂಜಾಗುತ್ತದೆ. ಗಾಳಿಯ ಪ್ರವಾಹವು ಆ ಮಂಜನ್ನು ನೂರಾರು ಡಿಗ್ರಿ ಶಾಖದ ಕೊಳವೆಯೊಳಕ್ಕೆ ಒಯ್ಯುತ್ತದೆ. ಅಲ್ಲಿ ಕೆಲವೇ ಕ್ಷಣಗಳಲ್ಲಿ ನೀರು ಆರಿ, ಲವಣವು ಗಟ್ಟಿಯಾಗಿ, ಬಳಿಕ ಒಡೆದು ನೈಟ್ರೋಜನ್ ಆಕ್ಸೈಡ್ ಅನಿಲಗಳನ್ನು ಬಿಟ್ಟುಕೊಟ್ಟು, ಸತುವಿನ ಆಕ್ಸೈಡಿನ ಕಣವಾಗಿ ನಿಲ್ಲುತ್ತದೆ. ಕೊಳವೆಯ ತುದಿಯ ಶೋಧಕದಲ್ಲಿ ಪುಡಿಯನ್ನು ಸಂಗ್ರಹಿಸುತ್ತಾರೆ.

ಬೆಳ್ಳಿಯ ಸ್ವಭಾವ ಬೇರೆ. ಅದರ ಆಕ್ಸೈಡ್ ಹೆಚ್ಚಿನ ಶಾಖದಲ್ಲಿ ನಿಲ್ಲಲಾರದು. ಹೀಗಾಗಿ ಬೆಳ್ಳಿಯ ನೈಟ್ರೇಟಿನಿಂದ ನೇರವಾಗಿ ಬೆಳ್ಳಿಯ ಕಣವೇ ದೊರೆಯುತ್ತದೆ. ತಾಮ್ರ, ನಿಕ್ಕಲ್‌ಗಳನ್ನು ಲೋಹರೂಪದಲ್ಲಿಯೇ ಪಡೆಯಬೇಕಾದರೆ ಜಲಜನಕದಂತಹ ಅಪಕರ್ಷಕ ಅನಿಲದ ನೆರವು ಬೇಕು. ಶಾಖವು ತೀರ ತ್ವರಿತವಾಗಿ ತಗುಲಿದರೆ ಹನಿಯ ಹೊರಮೈ ಮೊದಲು ಗಟ್ಟಿಯಾಗಿ, ಉಬ್ಬಿದ ಪೂರಿಯಂತೆ ಕಣವು ಒಳಗೆ ಟೊಳ್ಳಾಗುವುದೂ ಉಂಟು.

ಒಂದು ಹನಿಗೆ ಒಂದು ಕಣ ಎಂಬುದು ಇಲ್ಲಿಯ ಸಾಮಾನ್ಯ ನಿಯಮ. ತೊಡಕೂ ಅಲ್ಲಿಯೇ ಇದೆ. ಹನಿಯ ವ್ಯಾಸ 3 ಮೈಕ್ರೋಮೀಟರ್ ಇದ್ದು, ಅದರ ಗಾತ್ರದ ಸಾವಿರದ ಒಂದು ಪಾಲು ಮಾತ್ರ ಘನವಾಗಿ ಉಳಿದರೆ, ಕಣದ ವ್ಯಾಸವು ಹನಿಯ ಹತ್ತನೆಯ ಒಂದು ಪಾಲು, ಅಂದರೆ 300 ನ್ಯಾನೋಮೀಟರ್ ಆಗುತ್ತದೆ. ಅದನ್ನು ಅರ್ಧಕ್ಕೆ ಇಳಿಸಲು ದ್ರಾವಣವನ್ನು ಎಂಟು ಪಟ್ಟು ತೆಳುಮಾಡಬೇಕು. ಆಗ ಶಾಖದ ಬಹುಪಾಲು ನೀರನ್ನು ಆರಿಸುವುದಕ್ಕೇ ವೆಚ್ಚವಾಗುತ್ತದೆ; ಪುಡಿ ಅತ್ಯಲ್ಪ.

ಈ ತೊಡಕಿಗೆ ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಕಿಕುವೊ ಒಕುಯಾಮಾ ಮತ್ತು ಅವರ ಸಂಗಡಿಗರು 2001ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ದ್ರಾವಣಕ್ಕೆ ಬೇರೊಂದು ಲವಣವನ್ನೂ ಬೆರೆಸುವುದೇ ಆ ಉಪಾಯ. ಒಂದೊಂದು ಹನಿಯೊಳಗೂ ಹುಟ್ಟುವ ಅನೇಕ ಕಿರುಕಣಗಳು ಒಂದಕ್ಕೊಂದು ಬೆಸೆದುಕೊಳ್ಳದಂತೆ ಆ ಲವಣ ನಡುವೆ ನಿಂತು ತಡೆಯುತ್ತದೆ. ಕೊನೆಗೆ ನೀರಿನಲ್ಲಿ ತೊಳೆದರೆ ಲವಣ ಕರಗಿಹೋಗಿ ನ್ಯಾನೋಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ.

ಇದಕ್ಕೆ ಸಮೀಪದ ಇನ್ನೊಂದು ವಿಧಾನ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಜೆ. ಕಿಂಗ್ಸ್ಲಿ ಮತ್ತು ಕೆ. ಸಿ. ಪಾಟೀಲರು 1988ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾಗಳ ದ್ರಾವಣವನ್ನು ಸುಮಾರು 500 ಡಿಗ್ರಿಯ ಕುಲುಮೆಯಲ್ಲಿಟ್ಟಾಗ ಅದು ಕುದಿದು, ನೊರೆಯುಬ್ಬಿ, ತಾನಾಗಿಯೇ ಹೊತ್ತಿ ಉರಿದು, ಕೆಲವೇ ನಿಮಿಷಗಳಲ್ಲಿ ಅಲ್ಯೂಮಿನದ ನುಣ್ಣನೆಯ ಪುಡಿಯಾಯಿತು. ಹೊಲಕ್ಕೆ ಹಾಕುವ ಗೊಬ್ಬರವೇ ಇಲ್ಲಿ ಇಂಧನ!

ಆದರೆ ಗುಣದ ಬೆನ್ನಿಗೇ ಅಪಾಯವೂ ಇದೆ. ಯಾವ ಕಿರಿತನದಿಂದ ಈ ಕಣಗಳಿಗೆ ವಿಶೇಷ ಶಕ್ತಿ ಬಂದಿದೆಯೋ ಅದೇ ಕಿರಿತನದಿಂದ ಅವು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೂ ಇಳಿಯಬಲ್ಲವು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2006ರಲ್ಲಿ ಟೈಟಾನಿಯಂ ಡೈಆಕ್ಸೈಡನ್ನು ಮನುಷ್ಯರಿಗೆ ಪ್ರಾಯಶಃ ಕ್ಯಾನ್ಸರ್ ತರಬಹುದಾದ ವಸ್ತುಗಳ ವರ್ಗದಲ್ಲಿ ಸೇರಿಸಿತು. ಅದಕ್ಕೆ ಮುಖ್ಯ ಆಧಾರ ಪ್ರಾಣಿಗಳ ಮೇಲಿನ ಪ್ರಯೋಗಗಳು. ಆದುದರಿಂದ ಕುಲುಮೆಯ ಕೊಳವೆ ಬಿಗಿಯಾಗಿರಬೇಕು, ಹೊರಬರುವ ಅನಿಲವನ್ನು ತೊಳೆದು ಬಿಡಬೇಕು, ಪುಡಿಯನ್ನು ತೆಗೆಯುವವರಿಗೆ ತಕ್ಕ ಮುಖರಕ್ಷಕವಿರಬೇಕು.

ನಮ್ಮ ಮನೆಗಳ ಮಕ್ಕಳು ಇಂತಹ ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ಹೋಗುತ್ತಿದ್ದಾರೆ. ಅವರು ರಜೆಗೆ ಬಂದಾಗ ಸಂಬಳವೆಷ್ಟೆಂದು ಕೇಳುವ ಹಿರಿಯರು, ಅಲ್ಲಿಯ ಗಾಳಿ ಹೇಗಿದೆ, ಮುಖರಕ್ಷಕ ಕೊಟ್ಟಿದ್ದಾರೆಯೇ ಎಂದೂ ಕೇಳಲಿ. ವಸ್ತು ಎಷ್ಟೇ ಅಮೂಲ್ಯವಾಗಿರಲಿ, ಅದನ್ನು ಮಾಡುವ ಕೈ ಅದಕ್ಕಿಂತ ಅಮೂಲ್ಯವಾದುದು.