ಸುತ್ತಿಗೆಯ ಏಟು, ಅಳತೆಯ ಒತ್ತಡ

ಮುಂಜಾನೆ ಮೋಟಾರು ಬಂಡಿಯ ಚಾವಿ ತಿರುವಿದಾಗ 'ಟಕ್' ಎಂಬ ಸದ್ದೊಂದು ಕೇಳಿಸಿ ಎಂಜಿನು ಸುಮ್ಮನಾಯಿತೆಂದರೆ, ಮೊದಲು ಬೈಗುಳ ತಿನ್ನುವುದು ಬ್ಯಾಟರಿ. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಕೂಡಿಸಿದ ಮೇಲೂ ಕೆಲವೇ ದಿನಗಳಲ್ಲಿ ಅದೇ ಸದ್ದು, ಅದೇ ಮೌನ. ಅನೇಕ ಸಲ ದೋಷವಿರುವುದು ಬ್ಯಾಟರಿಯಲ್ಲಲ್ಲ. ಅದರಿಂದ ಹೊರಡುವ ದಪ್ಪ ಕೇಬಲಿನ ತುದಿಗೆ ತೊಡಿಸಿದ ಲಗ್ಗಿನಲ್ಲಿ. ಇದು ತಿಳಿಯುವ ಹೊತ್ತಿಗೆ ಹಣವೂ ಹೋಗಿರುತ್ತದೆ, ಕೆಲಸವೂ ಕೆಟ್ಟಿರುತ್ತದೆ.

ಈ ಕಾಟ ಎಲ್ಲೆಡೆಯೂ ಉಂಟಾದರೂ ಕರಾವಳಿಯಲ್ಲಿ ಹೆಚ್ಚು. ಭಟ್ಕಳದ ಮಾವಿನಕುರ್ವೆ ಬಂದರನ್ನೇ ನೋಡಿರಿ. ಮೀನು ಹೊತ್ತ ಬಂಡಿಗಳಿಂದ ಉಪ್ಪುನೀರು ತೊಟ್ಟಿಕ್ಕುತ್ತದೆ. ಬೀಸುವ ಗಾಳಿಯಲ್ಲಿಯೂ ಉಪ್ಪಿನ ತೇವ. ಅದರ ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಜನರು ಆಗರ ಕಟ್ಟಿ, ಬಿಸಿಲಿಗಿಟ್ಟು, ಶ್ರಮಪಟ್ಟು ಪಡೆಯುವ ಉಪ್ಪು, ಸಡಿಲವಾದ ಲಗ್ಗಿನೊಳಕ್ಕೆ ಕರೆಯದೆಯೇ ಬಂದು ಸೇರಿ ತಾಮ್ರದ ಮೇಲೆ ಹಸಿರು ಕಿಲುಬನ್ನು ಬೆಳೆಸುತ್ತದೆ. ಇಂತಹ ನೆಲದಲ್ಲಿ ಕೇಬಲಿಗೆ ಲಗ್ ತೊಡಿಸುವ ಕೆಲಸವನ್ನು ಉಳಿ ಸುತ್ತಿಗೆಗಳಿಗೆ ಬಿಡುವುದು ಉಳಿತಾಯವಲ್ಲ, ನಷ್ಟವೆಂಬುದೇ ನನ್ನ ವಾದ.

ಲೆಕ್ಕವನ್ನು ನೋಡೋಣ. ಎಂಜಿನನ್ನು ಮೊದಲು ತಿರುಗಿಸುವ ಮೋಟಾರಿಗೆ ಗ್ಯಾರೇಜಿನವರು 'ಸೆಲ್ಫ್' ಎನ್ನುತ್ತಾರೆ. ಕಾರಿನಲ್ಲಿ ಅದು ಸುಮಾರು 150ರಿಂದ 200 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಲಾರಿಯಲ್ಲಿ ಇನ್ನೂ ಹೆಚ್ಚು. ನಮ್ಮ ಮನೆಯ ದೊಡ್ಡ ಪ್ಲಗ್ಗು ತಾಳುವುದು 16 ಆಂಪಿಯರ್ ಮಾತ್ರ. ಕೆಟ್ಟ ಜೋಡಣೆಯ ರೋಧ ಒಂದು ಓಮಿನ ನೂರನೆಯ ಒಂದು ಭಾಗವೇ ಆಗಿರಲಿ. ಓಮನ ನಿಯಮದಂತೆ 200 ಆಂಪಿಯರಿಗೆ ಅಲ್ಲಿ 2 ವೋಲ್ಟ್ ನಷ್ಟವಾಗುತ್ತದೆ. ಇರುವ 12 ವೋಲ್ಟಿನಲ್ಲಿ ಇದು ಆರನೆಯ ಒಂದು ಪಾಲು! ಅಷ್ಟೇ ಅಲ್ಲ, ಆ ಬೆರಳಗಲದ ಜಾಗದಲ್ಲಿ 400 ವಾಟ್ ಶಾಖ ಹುಟ್ಟುತ್ತದೆ. ಎಂದರೆ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು.

ಹಾಗಾದರೆ ಒಳ್ಳೆಯ ಜೋಡಣೆಯೆಂದರೇನು? ಎರಡು ಲೋಹಗಳು ಎಷ್ಟು ನುಣುಪಾಗಿ ಕಂಡರೂ ಅವು ಒಂದನ್ನೊಂದು ನಿಜವಾಗಿ ಮುಟ್ಟುವುದು ಕೆಲವೇ ಬಿಂದುಗಳಲ್ಲಿ. ರಾಗ್ನರ್ ಹೋಮ್ ಎಂಬ ವಿಜ್ಞಾನಿ 1946ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ವಿದ್ಯುತ್ ಸಂಪರ್ಕಗಳ ಗ್ರಂಥ ಈ ವಿಷಯಕ್ಕೆ ಅಡಿಪಾಯವಾಯಿತು. ಸರಿಯಾದ ಒತ್ತಡ ಬಿದ್ದಾಗ ತಾಮ್ರದ ಎಳೆಗಳು ಜರುಗಿ ಆಕಾರ ಬದಲಿಸುತ್ತವೆ. ಅವುಗಳ ಮೇಲಿನ ಆಕ್ಸೈಡಿನ ಪೊರೆ ಹರಿದು, ಹೊಸ ಲೋಹ ಹೊಸ ಲೋಹವನ್ನು ಅಪ್ಪುತ್ತದೆ. ಗಾಳಿಗಾಗಲಿ ಉಪ್ಪುನೀರಿಗಾಗಲಿ ನುಸುಳಲು ಎಡೆಯುಳಿಯದು. ಸುತ್ತಿಗೆಯ ಏಟು ಇದನ್ನು ಸಾಧಿಸಲಾರದು. ಅದು ಒಂದು ಮಗ್ಗುಲನ್ನು ಜಜ್ಜಿ ಇನ್ನೊಂದನ್ನು ಸಡಿಲ ಬಿಡುತ್ತದೆ. ಕೆಲವು ಎಳೆಗಳನ್ನು ಕಡಿದೂಬಿಡುತ್ತದೆ.

ಬೆಸುಗೆ ಹಾಕಿದರಾಗದೇ ಎಂದು ಕೇಳುವವರುಂಟು. ನುರಿತ ಮೇಸ್ತ್ರಿಯ ಕೈಯಲ್ಲಿ ಬೆಸುಗೆಯೂ ಬಹುಕಾಲ ಬಾಳಿದೆ, ಅದನ್ನು ಹಳಿಯಬೇಕಾಗಿಲ್ಲ. ಆದರೆ ತವರ ಸೀಸಗಳ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗತೊಡಗುತ್ತದೆ. ಮೇಲಾಗಿ ಅದು ಎಳೆಗಳ ನಡುವೆ ಹೀರಿಕೊಂಡು ಕೇಬಲನ್ನು ಸೆಟೆಸುತ್ತದೆ; ಬಂಡಿಯ ಅದುರಾಟಕ್ಕೆ ಆ ಸೆಟೆದ ಭಾಗದ ಅಂಚಿನಲ್ಲಿ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಒತ್ತಿ ಕೂಡಿಸುವ ಪದ್ಧತಿ ನಿನ್ನೆ ಮೊನ್ನೆಯದೂ ಅಲ್ಲ. ಅಮೆರಿಕದಲ್ಲಿ 1941ರಲ್ಲಿ ಹುಟ್ಟಿದ ಏರ್‌ಕ್ರಾಫ್ಟ್ ಮೆರೀನ್ ಪ್ರಾಡಕ್ಟ್ಸ್ ಸಂಸ್ಥೆ ವಿಮಾನ ಹಡಗುಗಳಿಗಾಗಿ ಬೆಸುಗೆಯಿಲ್ಲದ ತುದಿಗಳನ್ನು ತಯಾರಿಸಿತ್ತು.

ಇನ್ನು ಉಪಕರಣದ ಆಯ್ಕೆ. ಹೆಚ್ಚು ಬಲವಿದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಬೇಕಾದುದು ಅಳತೆಯ ಹೊಂದಿಕೆ. ಕೇಬಲು 25 ಚದರ ಮಿಲಿಮೀಟರಿನದಾದರೆ ಲಗ್ಗೂ ಕ್ರಿಂಪಿಂಗ್ ಟೂಲಿನ ಡೈಯೂ ಅದಕ್ಕೆ ತಕ್ಕವಾಗಿರಬೇಕು. ಡೈ ದೊಡ್ಡದಾದರೆ ಜೋಡಣೆ ಸಡಿಲ. ಸಣ್ಣದಾದರೆ ಲಗ್ಗಿನ ಮಗ್ಗುಲಲ್ಲಿ ತಾಮ್ರ ರೆಕ್ಕೆಯಂತೆ ಹೊರಚಾಚಿ ಎಳೆಗಳು ಕತ್ತರಿಸಿಹೋಗುತ್ತವೆ. ಸುತ್ತಲಿಂದಲೂ ಸಮನಾಗಿ ಒತ್ತುವ ಆರು ಮೂಲೆಯ ಡೈ ಮೇಲು. ಒತ್ತುವಿಕೆ ಪೂರ್ಣವಾಗುವ ತನಕ ಹಿಡಿತ ಬಿಡದಂತಹ ಏರ್ಪಾಡಿದ್ದರೆ ಇನ್ನೂ ಉತ್ತಮ. ಸಾಮಾನ್ಯ ಕೇಬಲಿಗೆ ಉದ್ದ ಹಿಡಿಯ ಸನ್ನೆಯ ಉಪಕರಣ ಸಾಕು. ಲಾರಿ, ದೋಣಿಗಳ ದಪ್ಪ ಕೇಬಲಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಉಪಕರಣ ಬೇಕು. ಪ್ಯಾಸ್ಕಲನ ನಿಯಮ ಅಂಗೈಯಲ್ಲಿ ದುಡಿಯುವುದನ್ನು ಅದರಲ್ಲಿ ಕಾಣಬಹುದು.

ಡೈಯ ಮೇಲೆ ಕೊರೆದ ಅಂಕಿಯನ್ನು ಮಾತ್ರ ನಂಬಬಾರದು. ಲಗ್ಗಿನ ದಪ್ಪ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ. ಒಂದು ತುಂಡನ್ನು ಮೊದಲು ಒತ್ತಿ, ಗರಗಸದಿಂದ ಅಡ್ಡ ಕೊಯ್ದು ನೋಡಬೇಕು. ಎಳೆಗಳು ಜೇನುಗೂಡಿನ ಕೋಣೆಗಳಂತೆ ಒತ್ತಾಗಿ ಕೂಡಿ, ನಡುವೆ ಕಪ್ಪು ಬಿರುಕು ಕಾಣದಿದ್ದರೆ ಕೆಲಸ ಸರಿಯಾಗಿದೆ. ಲಗ್ಗು ತವರ ಲೇಪಿಸಿದ ತಾಮ್ರದ್ದಾಗಿರಲಿ. ತಾಮ್ರದ ಕೇಬಲಿಗೆ ಅಲ್ಯೂಮಿನಿಯಮ್ ಲಗ್ ಹಾಕಿದರೆ ಉಪ್ಪುನೀರಿನಲ್ಲಿ ಅವೆರಡೂ ಸೇರಿ ಒಂದು ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಮ್ ಸವೆದುಹೋಗುತ್ತದೆ.

ಸಣ್ಣ ಗ್ಯಾರೇಜಿನ ಮೇಸ್ತ್ರಿಗೆ ಇಷ್ಟು ಬೆಲೆಯ ಉಪಕರಣ ಭಾರವೆಂಬುದು ನ್ಯಾಯವಾದ ಆಕ್ಷೇಪ. ಆದರೆ ನಾಲ್ಕಾರು ಗ್ಯಾರೇಜುಗಳು ಕೂಡಿ ಒಂದನ್ನು ಕೊಳ್ಳಬಹುದಲ್ಲವೆ? ಊರವರೆಲ್ಲ ಕೈಜೋಡಿಸಿ ರಂಪಣಿ ಬಲೆಯನ್ನು ಎಳೆದ ಕರಾವಳಿಗೆ ಹಂಚಿಕೊಂಡು ದುಡಿಯುವುದು ಹೊಸ ಪಾಠವೇನಲ್ಲ. ನಡುಗಡಲಿನಲ್ಲಿ ದೋಣಿಯ ಎಂಜಿನು ಹೊರಡದೆ ನಿಂತರೆ ತೆರಬೇಕಾದ ಬೆಲೆ ಇದಕ್ಕಿಂತ ಎಷ್ಟೋ ಹೆಚ್ಚು.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಮೇಸ್ತ್ರಿಯೊಬ್ಬರನ್ನು ಜೊತೆಗಿರಿಸಿಕೊಂಡು, ಗೇರು ನ್ಯೂಟ್ರಲ್‌ನಲ್ಲಿರುವಾಗ, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ಬೋಲ್ಟಿಗೂ ಮುಟ್ಟಿಸಿ, ಚಾವಿ ತಿರುವಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ದಾರಿಯಲ್ಲಿದೆ, ಬ್ಯಾಟರಿಯಲ್ಲಲ್ಲ. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಈ ಒಂದು ಅಳತೆ ಆಗಲಿ, ಬೈಗುಳ ಆಮೇಲಾಗಲಿ.