ಮೊದಲು ದೂರ, ಆಮೇಲೆ ಮಸೂರ

ಛಾಯಾಗ್ರಹಣದ ಹವ್ಯಾಸಿಗಳಲ್ಲಿ ಇಂದು ಎರಡು ಮತಗಳಿವೆ. ಕೈ ಪಳಗಿದಂತೆ ಲೆನ್ಸೂ ಮೇಲ್ದರ್ಜೆಗೆ ಏರಬೇಕು ಎನ್ನುವುದು ಒಂದು. ಒಂದೇ ಫೋಕಲ್ ಲೆಂಗ್ತಿಗೆ ಬದುಕಿಡೀ ನಿಷ್ಠನಾಗಿರುವವನೇ ನಿಜವಾದ ಕಲಾವಿದ ಎನ್ನುವುದು ಇನ್ನೊಂದು. ಮೊದಲನೆಯದರಿಂದ ಅಂಗಡಿಗೆ ಲಾಭ, ಎರಡನೆಯದರಿಂದ ಅಹಂಕಾರಕ್ಕೆ. ಎರಡೂ ಶೈಲಿಯನ್ನು ಗಾಜಿನೊಳಗೆ ಹುಡುಕುತ್ತವೆ. ಎರಡನ್ನೂ ನಾನು ಒಪ್ಪಲಾರೆ.

ಈ ವಾದಗಳಲ್ಲಿ ಒಂದು ಸರಳ ಸತ್ಯ ಮರೆಯಾಗುತ್ತದೆ. 36×24 ಮಿ.ಮೀ. ಸೆನ್ಸರಿನ ಮೇಲೆ 28 ಮಿ.ಮೀ. ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 75 ಡಿಗ್ರಿ ನೋಟವನ್ನು ಹಿಡಿಯುತ್ತದೆ, 50 ಮಿ.ಮೀ. ಸುಮಾರು 47 ಡಿಗ್ರಿ; 200 ಮಿ.ಮೀ. ಬರೀ 12. ಯಾವುದು ಒಳಗೆ, ಯಾವುದು ಹೊರಗೆ ಎಂಬುದಷ್ಟೇ ಲೆನ್ಸಿನ ಅಧಿಕಾರ. ಮುಂದಿನ ಮುಖಕ್ಕೂ ಹಿಂದಿನ ಗೋಡೆಗೂ ಇರುವ ಪ್ರಮಾಣವನ್ನು ನಿರ್ಧರಿಸುವುದು ನಾವು ನಿಂತ ಜಾಗ.

ಮುಂಬಯಿಯ ಮಹಾಲಕ್ಷ್ಮಿ ಸೇತುವೆಯ ಮೇಲೆ ನಿಂತು 200 ಮಿ.ಮೀ. ಲೆನ್ಸಿನಿಂದ ಧೋಬಿಘಾಟನ್ನು ನೋಡಿ. ಒಗೆದು ಹರವಿದ ಬಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಸೊಗಸಾದ ವಿನ್ಯಾಸವಾಗುತ್ತವೆ. ಒಗೆಯುವವನು ಅದರಲ್ಲೊಂದು ಬಣ್ಣದ ಚುಕ್ಕೆ. ಕೆಳಗಿಳಿದು 28 ಮಿ.ಮೀ. ಹಿಡಿದರೆ ಅವನು ತಲೆಯೆತ್ತಿ, ನೀವು ಯಾರು ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ದೂರವೇ ಬೇರೆ, ಕೊಡದೆ ಪಾರಾಗುವ ದೂರವೇ ಬೇರೆ. ಹಾಗೆಂದು ಹತ್ತಿರ ಹೋದದ್ದೇ ಪುಣ್ಯವಲ್ಲ. ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯುವ ವೈಡ್ ಲೆನ್ಸಿನ ಶೂರತನವೂ ಅಷ್ಟೇ ಒರಟು.

ದೂರವೆಲ್ಲ ಹೇಡಿತನವೇ ಎಂದು ವನ್ಯಜೀವಿ ಛಾಯಾಗ್ರಾಹಕರು ಕೇಳಿಯಾರು. ಖಂಡಿತ ಅಲ್ಲ. ಗೂಡಿನ ಹಕ್ಕಿಯಿಂದ ದೂರ ನಿಲ್ಲುವುದು ಅದರ ಬದುಕಿಗೆ ಸಲ್ಲಿಸುವ ಗೌರವ. ಅಲ್ಲಿ 500 ಮಿ.ಮೀ. ಆ ಗೌರವವನ್ನು ಹಿಂಬಾಲಿಸಿ ಬರುತ್ತದೆ. ಅಲ್ಲಿಯೂ ಮೊದಲು ತೀರ್ಮಾನವಾಗುವುದು ದೂರವೇ.

ಒಂದೇ ಲೆನ್ಸಿನ ನಿಷ್ಠೆಗೆ ಹೆನ್ರಿ ಕಾರ್ತಿಯೇ ಬ್ರೆಸೋನ್ ಹೆಸರನ್ನು ಎಲ್ಲರೂ ಎತ್ತುತ್ತಾರೆ. ಅವರು ಬಹುಪಾಲು 50 ಮಿ.ಮೀ. ಬಳಸಿದ್ದು ನಿಜ. ಆದರೆ ಯೋಸೆಫ್ ಕೌಡೆಲ್ಕಾ? 1960ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ರೋಮಾ ಜನರ ಮನೆಯೊಳಗೆ ಹೋಗಿ 25 ಮಿ.ಮೀ. ಲೆನ್ಸಿನಿಂದ ಅವರನ್ನು ಚಿತ್ರಿಸಿದ ಅದೇ ವ್ಯಕ್ತಿ, 1986ರ ನಂತರ ಪನೋರಮಾ ಕ್ಯಾಮೆರಾ ಹಿಡಿದು, ಮನುಷ್ಯರೇ ಇಲ್ಲವೆನ್ನಬಹುದಾದ ಗಾಯಗೊಂಡ ನೆಲಗಳನ್ನು ತೆಗೆದರು. ನೋಡಬೇಕಾದದ್ದು ಬದಲಾಯಿತು, ಸಲಕರಣೆ ಅದನ್ನು ಹಿಂಬಾಲಿಸಿತು. ಇದನ್ನು ನಿಷ್ಠಾಭಂಗ ಎನ್ನುವವರು ಯಾರು?

ಹಳೆಯ ಚಿತ್ರಗಳ ಲೆಕ್ಕ ಹಾಕಿ, ಹೆಚ್ಚು ಬಳಸಿದ ಫೋಕಲ್ ಲೆಂಗ್ತನ್ನೇ ಕೊಳ್ಳಿರಿ ಎಂಬ ಜನಪ್ರಿಯ ಸಲಹೆಯೂ ಅರೆಬೆಂದದ್ದು. ಡಿಜಿಟಲ್ ಚಿತ್ರದಲ್ಲಿ ಸಾಮಾನ್ಯವಾಗಿ ಆ ಸಂಖ್ಯೆ ದಾಖಲಾಗಿರುತ್ತದೆ, ಸರಿ. ಆದರೆ ಎಣಿಕೆ ಹೇಳುವುದು ಅಭ್ಯಾಸವನ್ನು, ಶೈಲಿಯನ್ನಲ್ಲ. ಇಂದಿಗೂ ಉಳಿಸಿಕೊಳ್ಳಬೇಕೆನಿಸುವ ಇಪ್ಪತ್ತು ಚಿತ್ರಗಳನ್ನು ಮಾತ್ರ ಆರಿಸಿ, ಪ್ರತಿಯೊಂದರಲ್ಲೂ ಎಷ್ಟು ಹೆಜ್ಜೆ ದೂರ ನಿಂತಿದ್ದೆವು, ಅಲ್ಲಿಯೇ ಏಕೆ ನಿಂತೆವು ಎಂದು ಕೇಳಿಕೊಳ್ಳೋಣ. ಉತ್ತರ ಸಿಕ್ಕವರಿಗೆ ಯಾವ ಲೆನ್ಸು ಬೇಕೆಂಬುದು ತಾನಾಗಿ ತಿಳಿಯುತ್ತದೆ. ಸಿಗದವರಿಗೆ ಎಷ್ಟು ದುಬಾರಿ ಲೆನ್ಸು ಕೊಂಡರೂ ಅದು ತಿಳಿಯದು.